ಹಳದಿ ಟವೆಲ್ಲಿನ ಜೊತೆಗೊಂದು ಕಾಗದ

ಪಿಟ್ಸ್‌ಬರ್ಗ್
ಡಿಸೆಂಬರ್ 23

ತೀರ್ಥರೂಪು ದೊಡ್ಡಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ಅತ್ತ ನೀವು, ದೊಡ್ಡಮ್ಮ, ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ. ಪಾರ್ಸೆಲ್ ಮುಟ್ಟಿತಂತೆ, ಸಂತೋಷ. ಹೆಲ್ಮೆಟ್ಟಿನ ಪುಟ್ಟ ಮಾದರಿ ನೋಡಿ "ಒಂದು ಕಡೆ ಸ್ಟಿಕ್ಕರ್ ಉದುರಿ ಹೋಗಿದೆಯಲ್ಲೋ" ಅಂದಿರಿ. ಹಳದಿ ಟವೆಲ್ ಏನು ಮಾಡಬೇಕು ಅಂತ ದೊಡ್ಡಮ್ಮ ಕೇಳಿದರು. ಸ್ಟೀಲರ್ಸ್ ಎಂಬ ಐವತ್ತು ವರ್ಷದ ಹಿಂದಿನ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಆ ಊರಿನ ಮುದುಕರು ಇನ್ನೂ ಯಾಕೆ ಜಪ ಮಾಡುತ್ತಾರೆ ಎಂದೂ ಕೇಳಿದಿರಿ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಆದ್ದರಿಂದ ಈ ಕಾಗದ.

ಮೊದಲು ಸ್ಟಿಕ್ಕರ್. ಅದು ಉದುರಿಲ್ಲ, ಇರುವುದೇ ಬಲಗಡೆ ಮಾತ್ರ. ಬಿಳಿ ವೃತ್ತದೊಳಗೆ ಮೂರು ಚೂಪು ನಕ್ಷತ್ರಗಳಿವೆಯಲ್ಲ, ಅದು ತಂಡದ ಗುರುತಲ್ಲ, ಇಲ್ಲಿನ ಉಕ್ಕು ಉದ್ಯಮದ ಗುರುತು. ಹಳದಿ ಕಲ್ಲಿದ್ದಲಿಗೆ, ಕಿತ್ತಳೆ ಅದಿರಿಗೆ, ನೀಲಿ ಗುಜರಿ ಉಕ್ಕಿಗೆ ಅಂತ ಹೇಳುತ್ತಾರೆ. ಕಲ್ಲಿದ್ದಲು ಹಳದಿ ಹೇಗಾಯಿತು ಅಂತ ನನ್ನನ್ನು ಕೇಳಬೇಡಿ. ಇದ್ದಿಲು ಸುಟ್ಟು ಕಬ್ಬಿಣ ತೆಗೆದ ಭದ್ರಾವತಿಯವರಿಗಂತೂ ಆ ಬಣ್ಣ ಒಪ್ಪುವುದಿಲ್ಲ. 1962ರಲ್ಲಿ ಸ್ಟೀಲರ್ಸ್ ತಂಡ ಅದನ್ನು ಹೆಲ್ಮೆಟ್ಟಿಗೆ ಅಂಟಿಸಿ ನೋಡಿತು. ಆಗ ಹೆಲ್ಮೆಟ್ ಪೂರ್ತಿ ಹಳದಿ. ಅದರ ಮೇಲೆ ಹೇಗೆ ಕಾಣುತ್ತದೋ ಅಂತ ಪರೀಕ್ಷೆಗೆ ಒಂದೇ ಕಡೆ ಹಾಕಿದರು. ಆ ವರ್ಷ ತಂಡ ಚೆನ್ನಾಗಿ ಆಡಿತು, ಹಾಗೇ ಬಿಟ್ಟರು. ಮುಂದೆ ಹೆಲ್ಮೆಟ್ ಕಪ್ಪಾಯಿತು, ಸ್ಟಿಕ್ಕರಿನಲ್ಲಿ ಮಾತ್ರ 'ಸ್ಟೀಲ್' ಎಂಬ ಪದಕ್ಕೆ ಬಾಲ ಸೇರಿಸಿ 'ಸ್ಟೀಲರ್ಸ್' ಮಾಡಿಕೊಂಡದ್ದಷ್ಟೇ ಬದಲಾವಣೆ.

ಈಗ ಮುದುಕರ ಜಪ. ಕಾರಣ ಒಂದೇ ಸಾಲಿನಲ್ಲಿ ಹೇಳಬಹುದು: 1974ರಿಂದ 1979ರವರೆಗಿನ ಆರು ಸೀಸನ್ನುಗಳಲ್ಲಿ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯ, ಗೆದ್ದರು. ಇವತ್ತಿನವರೆಗೆ ಬೇರೆ ಯಾವ ತಂಡಕ್ಕೂ ಅದು ಆಗಿಲ್ಲ. ಆದರೆ ಟ್ರೋಫಿಯ ಲೆಕ್ಕಕ್ಕಿಂತ ದೊಡ್ಡದು ಅದಕ್ಕೆ ಮೊದಲಿನ ಬರಗಾಲ. ಆರ್ಟ್ ರೂನಿ ಎಂಬವರು 1933ರಲ್ಲಿ ಕಟ್ಟಿದ ತಂಡ. ನಲವತ್ತನೆಯ ಸೀಸನ್ ಬರುವ ತನಕ ಒಂದೇ ಒಂದು ನಾಕೌಟ್ ಪಂದ್ಯ ಗೆದ್ದಿರಲಿಲ್ಲ. 1947ರಲ್ಲಿ ಒಮ್ಮೆ ಆ ಹಂತ ಮುಟ್ಟಿ 21–0 ಸೋತು ಬಂದದ್ದೇ ಸಾಧನೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಒಂದೊಂದು ಕಡೆ ಹನ್ನೊಂದು ಜನ, ಅಂಗಳ 100 ಗಜ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆಯ ಹಾಗೆ ಐದು ಜನ ದಪ್ಪನೆಯವರು: ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡುಗಳು, ತುದಿಯಲ್ಲಿ ಟ್ಯಾಕಲ್‌ಗಳು. ಎದುರು ಪಾಳೆಯದಲ್ಲಿ ಈ ಗೋಡೆ ಒಡೆಯುವವರು, ಅವರ ಬೆನ್ನ ಹಿಂದೆ ಲೈನ್‌ಬ್ಯಾಕರ್‌ಗಳು. ಟಿವಿಯಲ್ಲಿ ಎಲ್ಲರೂ ಚೆಂಡನ್ನು ನೋಡುತ್ತಾರೆ. ಪಂದ್ಯ ತೀರ್ಮಾನವಾಗುವುದು ಮಾತ್ರ ಈ ಗೋಡೆಯಲ್ಲಿ.

1969ರ ಜನವರಿಯಲ್ಲಿ ಚಕ್ ನೋಲ್ ಎಂಬ 37 ವರ್ಷದವರನ್ನು ಕೋಚ್ ಮಾಡಿಕೊಂಡರು. ಮೊದಲ ಪಂದ್ಯ ಗೆದ್ದರು, ಮುಂದಿನ ಹದಿಮೂರೂ ಸೋತರು. ಬೇರೆ ಯಾರಾದರೂ ಆಗಿದ್ದರೆ ಗಾಬರಿಬಿದ್ದು ನಾಲ್ಕು ಹಳೆಯ ಹೆಸರುಗಳನ್ನು ಬೇರೆ ತಂಡದಿಂದ ತಂದು ತುಂಬುತ್ತಿದ್ದರು. ನೋಲ್ ಆ ದಾರಿ ಹಿಡಿಯಲಿಲ್ಲ. ಕಾಲೇಜು ಮುಗಿಸಿದ ಹುಡುಗರನ್ನು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ಇದೆ, ಡ್ರಾಫ್ಟ್ ಅನ್ನುತ್ತಾರೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಆಗ 17 ಸುತ್ತು ಇರುತ್ತಿತ್ತು. ಐಪಿಎಲ್ ಹರಾಜಿನಂತೆ ದುಡ್ಡು ಸುರಿದು ಕೊಳ್ಳುವ ಹಾಗಿಲ್ಲ. ಕಣ್ಣು ಚೆನ್ನಾಗಿರಬೇಕು, ತಾಳ್ಮೆ ಇರಬೇಕು.

1969ರಲ್ಲಿ ಮೊದಲ ಸುತ್ತಿಗೆ ಜೋ ಗ್ರೀನ್, ಹತ್ತನೇ ಸುತ್ತಿಗೆ ಎಲ್.ಸಿ. ಗ್ರೀನ್‌ವುಡ್. 1970ರಲ್ಲಿ ಶಿಕಾಗೋ ತಂಡದ್ದೂ ಇವರದ್ದೂ ಒಂದೇ ಹೀನಾಯ ಲೆಕ್ಕ, ಆದ್ದರಿಂದ ನಾಣ್ಯ ಚಿಮ್ಮಿಸಿದರು. ಗೆದ್ದವರು ಇವರು, ಸಿಕ್ಕವನು ಕ್ವಾರ್ಟರ್‌ಬ್ಯಾಕ್ ಟೆರಿ ಬ್ರಾಡ್‌ಶಾ. ಅದೇ ವರ್ಷ ಮೂರನೇ ಸುತ್ತಿಗೆ ಮೆಲ್ ಬ್ಲೌಂಟ್. 1971ರಲ್ಲಿ ಜ್ಯಾಕ್ ಹ್ಯಾಮ್, ಡ್ವೈಟ್ ವೈಟ್, ಎಂಟನೇ ಸುತ್ತಿಗೆ ಅರ್ನಿ ಹೋಮ್ಸ್. 1972ರಲ್ಲಿ ಚೆಂಡು ಹಿಡಿದು ಓಡುವ ಫ್ರಾಂಕೋ ಹ್ಯಾರಿಸ್. ಆಮೇಲೆ ಬಂತು 1974. ಈ ಊರಿನಲ್ಲಿ ಆ ಇಸವಿಯನ್ನು ಪಂಚಾಂಗದ ಶುಭ ಮುಹೂರ್ತದ ಹಾಗೆ ಹೇಳುತ್ತಾರೆ. ಮೊದಲ ಸುತ್ತಿಗೆ ಲಿನ್ ಸ್ವಾನ್, ಎರಡಕ್ಕೆ ಜ್ಯಾಕ್ ಲ್ಯಾಂಬರ್ಟ್, ನಾಲ್ಕಕ್ಕೆ ಜಾನ್ ಸ್ಟಾಲ್‌ವರ್ತ್, ಐದಕ್ಕೆ ಮೈಕ್ ವೆಬ್‌ಸ್ಟರ್. ನಾಲ್ವರೂ ಮುಂದೆ ಹಾಲ್ ಆಫ್ ಫೇಮ್ ಎಂಬ ಶ್ರೇಷ್ಠ ಆಟಗಾರರ ಗೌರವ ಪಟ್ಟಿ ಸೇರಿದರು. ಹದಿನೇಳು ಸುತ್ತಿನಲ್ಲಿ ಯಾರಿಗೂ ಬೇಡವಾಗಿ ಉಳಿದ ಡಾನಿ ಶೆಲ್ ಎಂಬ ಹುಡುಗನನ್ನೂ ಆ ವರ್ಷ ಕರೆದುಕೊಂಡರು. ಅವನೂ ಅಲ್ಲಿಗೇ ಹೋದ.

ಈ ಆಯ್ಕೆಯ ಹಿಂದೆ ಬಿಲ್ ನನ್ ಎಂಬವರ ಕಣ್ಣಿದೆ. ಪಿಟ್ಸ್‌ಬರ್ಗ್ ಕುರಿಯರ್ ಎಂಬ ಕಪ್ಪು ಜನರ ಪತ್ರಿಕೆಯಲ್ಲಿ ಕ್ರೀಡೆ ಬರೆಯುತ್ತಿದ್ದವರು. ದಕ್ಷಿಣದ ಕಪ್ಪು ಕಾಲೇಜುಗಳ ಕೋಚುಗಳೆಲ್ಲ ಅವರಿಗೆ ಪರಿಚಯ. ಬೇರೆ ತಂಡಗಳು ಅಲ್ಲಿಗೆ ಅಪರೂಪಕ್ಕೆ ಇಣುಕುತ್ತಿದ್ದ ಕಾಲದಲ್ಲಿ ಇವರು ಹುಡುಗರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಬ್ಲೌಂಟ್, ಗ್ರೀನ್‌ವುಡ್, ಹೋಮ್ಸ್, ಸ್ಟಾಲ್‌ವರ್ತ್, ಶೆಲ್ ಎಲ್ಲ ಅಂಥ ಕಾಲೇಜುಗಳಿಂದ ಬಂದವರೇ. ಸ್ಟಾಲ್‌ವರ್ತನನ್ನು ಎಲ್ಲರೂ ಒದ್ದೆ ನೆಲದಲ್ಲಿ ಓಡಿಸಿ, ವೇಗ ಸಾಲದು ಎಂದು ಬರೆದುಕೊಂಡು ಹೊರಟರಂತೆ. ನನ್ ಮಾತ್ರ ಮೈ ಸರಿಯಿಲ್ಲ ಎಂದು ಉಳಿದುಕೊಂಡು, ಮರುದಿನ ಒಣ ನೆಲದಲ್ಲಿ ಗಡಿಯಾರ ಹಿಡಿದರಂತೆ. ಕಥೆಗೆ ಎಷ್ಟು ಒಗ್ಗರಣೆ ಬಿದ್ದಿದೆಯೋ, ಹುಡುಗ ಮಾತ್ರ ನಾಲ್ಕನೇ ಸುತ್ತಿನವರೆಗೂ ಇವರಿಗಾಗಿಯೇ ಉಳಿದಿದ್ದ. 1979ರ ತಂಡದಲ್ಲಿ ಬೇರೆ ತಂಡದ ಅಂಗಿ ತೊಟ್ಟು ಬಂದವನು ಒಬ್ಬನೂ ಇರಲಿಲ್ಲ ಅಂತ ಹೇಳುವಾಗ ಮುದುಕರ ದನಿ ಏರುವುದು ಇದಕ್ಕೇ.

ನಿಮಗೆ ರುಚಿಸುವ ಭಾಗ ಇನ್ನು ಮುಂದೆ. ಕಬಡ್ಡಿ ಆಡಿದವರಿಗೆ ಬೇಗ ಹಿಡಿಯುತ್ತದೆ.

ರಕ್ಷಣೆಯ ಮುಂದಿನ ಸಾಲಿನಲ್ಲಿ ನಾಲ್ವರು: ಗ್ರೀನ್‌ವುಡ್, ಗ್ರೀನ್, ಹೋಮ್ಸ್, ವೈಟ್. 'ಉಕ್ಕಿನ ಪರದೆ' ಅಂತ ಹೆಸರು. ಸಾಮಾನ್ಯವಾಗಿ ಒಳಗಿನ ಇಬ್ಬರು ಎದುರಿನ ಗಾರ್ಡುಗಳ ಮುಖಕ್ಕೆ ಮುಖ ಕೊಟ್ಟು ನೆಟ್ಟಗೆ ಕೂರುತ್ತಾರೆ. 1974ರ ಸೀಸನ್ ಕೊನೆಗೆ ಬರುವಾಗ ಗ್ರೀನ್ ಓರೆಯಾಗಿ ಕೂರಲು ಶುರುಮಾಡಿದ. ಸೆಂಟರ್ ಮತ್ತು ಗಾರ್ಡ್ ನಡುವಿನ ಸಂದಿಗೆ ಮೂತಿ ಹಾಕಿ, ಚೆಂಡಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ. ಗೋಡೆಗೆ ಬೆಣೆ ಇಟ್ಟ ಹಾಗೆ. ಚೆಂಡು ಅಲ್ಲಾಡಿದ ಕ್ಷಣ ಅವನು ಆ ಸಂದಿಗೆ ನುಗ್ಗುತ್ತಾನೆ. ಸೆಂಟರ್ ಒಬ್ಬನೇ ತಡೆಯಲಾರ, ಗಾರ್ಡ್ ಸಹಾಯಕ್ಕೆ ಬರಲೇಬೇಕು. ಇಬ್ಬರೂ ಒಬ್ಬನಿಗೇ ಸಿಕ್ಕಿಕೊಂಡರು. ಆಗ ಹಿಂದೆ ನಿಂತ ಲ್ಯಾಂಬರ್ಟನ ದಾರಿಗೆ ಅಡ್ಡ ಯಾರೂ ಇಲ್ಲ.

ಲ್ಯಾಂಬರ್ಟ್ ಆರಡಿ ನಾಲ್ಕಂಗುಲ ಎತ್ತರ, ತೂಕ ಮಾತ್ರ 100 ಕಿಲೋದ ಆಸುಪಾಸು. ನಡು ಲೈನ್‌ಬ್ಯಾಕರ್‌ಗೆ ಅದು ಕಡಿಮೆ. 115 ಕಿಲೋದ ಗಾರ್ಡ್ ಬಂದು ಮೈಮೇಲೆ ಬಿದ್ದರೆ ಕೊಚ್ಚಿಹೋಗುತ್ತಾನೆ. ಗ್ರೀನ್ ಓರೆಯಾಗಿ ಕೂತದ್ದರಿಂದ ಆ ಗಾರ್ಡ್ ಅವನ ತನಕ ಬರಲೇ ಇಲ್ಲ, ಹಗುರ ಮೈ ವೇಗವಾಗಿ ಕೆಲಸಕ್ಕೆ ಬಂತು. ಲ್ಯಾಂಬರ್ಟನ ಮುಂದಿನ ಹಲ್ಲು ಇಲ್ಲದ ಫೋಟೊ ಎಲ್ಲರ ಮನೆಯಲ್ಲೂ ಇದೆ. ಅವನಿಗೆ ಓಡಲು ಜಾಗ ಮಾಡಿಕೊಟ್ಟ ಓರೆ ಕೂರಿಕೆಯ ಫೋಟೊ ಯಾರ ಮನೆಯಲ್ಲೂ ಇಲ್ಲ.

ಇದರಲ್ಲೂ ದೋಷ ಇದೆ. ಗ್ರೀನ್ ಒಳಗೆ ನುಗ್ಗಿದಾಗ ಅವನು ಬಿಟ್ಟ ಜಾಗ ಖಾಲಿ. ಪಕ್ಕದವನು ಅದೇ ಗಳಿಗೆಗೆ ಆ ಜಾಗ ಮುಚ್ಚದಿದ್ದರೆ ಅಲ್ಲಿಂದಲೇ ಎದುರಾಳಿ ಹತ್ತು ಗಜ ಓಡುತ್ತಾನೆ. ನಾಲ್ವರೂ ಒಟ್ಟಿಗೆ ವರ್ಷಗಟ್ಟಲೆ ಆಡಿದ್ದರಿಂದ ಇದು ನಡೆಯಿತು. ಬೇರೆ ತಂಡಗಳು ನಕಲು ಮಾಡಿದಾಗ ಬೆಣೆ ಸಿಕ್ಕಿತು, ಮುಚ್ಚುವವರು ಸಿಗಲಿಲ್ಲ.

ಫಲ ಗೊತ್ತಾಗಬೇಕಾದರೆ 9ನೇ ಸೂಪರ್ ಬೌಲ್, 1975ರ ಜನವರಿ 12, ನ್ಯೂ ಆರ್ಲಿಯನ್ಸ್. ಎದುರಾಳಿ ಮಿನೆಸೋಟದವರು ಇಡೀ ಪಂದ್ಯದಲ್ಲಿ ಓಡಿ ಗಳಿಸಿದ್ದು 17 ಗಜ. ಅರ್ಧ ಆಟಕ್ಕೆ ಸ್ಕೋರು 2–0. ಆ ಎರಡು ಅಂಕ ತಂದ ಡ್ವೈಟ್ ವೈಟ್ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದು ಎದ್ದು ಬಂದಿದ್ದ. ಲ್ಯಾಂಬರ್ಟ್ ಮತ್ತು ಜೊತೆಯ ಲೈನ್‌ಬ್ಯಾಕರ್ ಆಂಡಿ ರಸೆಲ್ ಇಬ್ಬರೂ ಪೆಟ್ಟಾಗಿ ಹೊರಗೆ ಕೂತರು, ಬದಲಿ ಹುಡುಗರು ನಿಂತರು, ಆದರೂ 17 ಗಜವೇ. ಹಿಂದೆ ಯಾರು ನಿಂತರೂ ನಡೆಯುವಷ್ಟು ಕೆಲಸ ಮುಂದಿನ ನಾಲ್ವರು ಮುಗಿಸಿದ್ದರು. ಕೊನೆಗೆ 16–6.

ಗೋಡೆ ಕಟ್ಟುವ ಕಡೆಯದು ಇನ್ನೂ ಚೆಂದ. ಅದಕ್ಕೆ 'ಟ್ರ್ಯಾಪ್' ಅನ್ನುತ್ತಾರೆ, ನಮ್ಮ ಬೋನು. ಕಬಡ್ಡಿಯಲ್ಲಿ ರೈಡರನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡು, ಆಮೇಲೆ ಪಕ್ಕದಿಂದ ಬಂದು ಮುಚ್ಚುತ್ತೀರಲ್ಲ, ಅದೇ. ಎದುರಾಳಿಯ ಒಬ್ಬನನ್ನು ಯಾರೂ ತಡೆಯುವುದಿಲ್ಲ. ಅವನು ಹಿಗ್ಗಿ ಒಳಗೆ ನುಗ್ಗುತ್ತಾನೆ. ಅಷ್ಟರಲ್ಲಿ ಆಚೆ ಬದಿಯ ಗಾರ್ಡ್ ತನ್ನ ಜಾಗ ಬಿಟ್ಟು, ಗೋಡೆಯ ಹಿಂದೆ ಅಡ್ಡಕ್ಕೆ ಓಡಿ, ಅವನ ಪಕ್ಕೆಗೆ ಅಪ್ಪಳಿಸುತ್ತಾನೆ. ಗಾರ್ಡ್ ಬಿಟ್ಟು ಹೋದ ಜಾಗವನ್ನು ಸೆಂಟರ್ ಹಿಂದಕ್ಕೆ ಬಾಗಿ ಕಾಯುತ್ತಾನೆ. ಈಚೆ ಬದಿಯ ಗಾರ್ಡ್ ಎದುರಿನವನನ್ನು ಬಿಟ್ಟು ಲೈನ್‌ಬ್ಯಾಕರ್ ಮೇಲೆ ಹೋಗುತ್ತಾನೆ. ನಡುವೆ ಬಾಗಿಲು ತೆರೆಯುತ್ತದೆ, ಅದರಲ್ಲಿ ಫ್ರಾಂಕೋ ಹ್ಯಾರಿಸ್ ಹೊರಟುಹೋಗುತ್ತಾನೆ.

ಕೆಡುವುದು ಮೂರು ಕಡೆ. ಅಡ್ಡ ಓಡುವ ಗಾರ್ಡ್ ಬಿಲ್ಲಿನಂತೆ ಬಾಗಿ ಸುತ್ತು ಹಾಕಿದರೆ ಅರ್ಧ ಸೆಕೆಂಡ್ ತಡ, ಬಾಗಿಲು ಮುಚ್ಚಿತು. ಸೆಂಟರ್ ನಿಧಾನವಾದರೆ ಖಾಲಿ ಜಾಗದಿಂದ ಬಂದವನು ಓಡುವ ಗಾರ್ಡನ ಕಾಲಿಗೇ ಬೀಳುತ್ತಾನೆ. ಇನ್ನು ಎದುರಾಳಿ ಜಾಣನಾಗಿದ್ದು ಒಳಗೆ ನುಗ್ಗದೆ ನಿಂತಲ್ಲೇ ಕೂತುಬಿಟ್ಟರೆ ಬೋನಿಗೆ ಇಲಿಯೇ ಇಲ್ಲ. ಅದಕ್ಕೇ ನೋಲ್ ಬೆಟ್ಟದಂಥವರನ್ನು ಹುಡುಕದೆ ಚುರುಕಾದವರನ್ನು ಇಟ್ಟುಕೊಂಡರು. ಸೆಂಟರ್ ವೆಬ್‌ಸ್ಟರ್ ಸುಮಾರು 115 ಕಿಲೋ. ಅವನ ಮೊದಲ ಹೆಜ್ಜೆಯ ವೇಗವೇ ಈ ಇಡೀ ಯಂತ್ರದ ಕೀಲು.

ಇದೇ ಬೋನು ಡಲ್ಲಾಸ್ ತಂಡದ ಮೇಲೆ 13ನೇ ಸೂಪರ್ ಬೌಲಿನ ಕೊನೆಯ ಕಾಲು ಭಾಗದಲ್ಲಿ ಬಿತ್ತು. 1979ರ ಜನವರಿ, ಮಯಾಮಿ. ಡಲ್ಲಾಸ್ ಹುಡುಗರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಆತುರದಲ್ಲಿದ್ದರು. ಫ್ರಾಂಕೋ ನಡು ಬಾಗಿಲಿನಿಂದ 22 ಗಜ ನೇರ ಓಡಿ ಅಂಕದ ಗೆರೆ ದಾಟಿದ. ಹಿಡಿಯಬೇಕಾಗಿದ್ದ ಚಾರ್ಲಿ ವಾಟರ್ಸ್‌ಗೆ ಅಂಪೈರೇ ಅಡ್ಡ ಬಂದ. ಡಲ್ಲಾಸಿನವರು ಇವತ್ತೂ ಅದನ್ನು ಎತ್ತುತ್ತಾರೆ, ಅವರ ದೂರಿನಲ್ಲಿ ಸ್ವಲ್ಪ ನ್ಯಾಯವೂ ಇದೆ. 35–31.

ಇನ್ನು ಇವತ್ತಿನ ತಾರೀಖು. 1972ರ ಡಿಸೆಂಬರ್ 23, ಥ್ರೀ ರಿವರ್ಸ್ ಅಂಗಳ. ಓಕ್‌ಲ್ಯಾಂಡ್ ತಂಡ 7–6 ಮುಂದಿದೆ, ಉಳಿದದ್ದು 22 ಸೆಕೆಂಡ್, ನಾಲ್ಕನೆಯ ಹಾಗೂ ಕೊನೆಯ ಅವಕಾಶ. ಬ್ರಾಡ್‌ಶಾ ತಪ್ಪಿಸಿಕೊಂಡು ಓಡುತ್ತ ತನ್ನದೇ ತಂಡದ ಫ್ರೆಂಚಿ ಫುಕ್ವಾ ಕಡೆ ಎಸೆದ. ಅದೇ ಕ್ಷಣಕ್ಕೆ ಓಕ್‌ಲ್ಯಾಂಡಿನ ಜ್ಯಾಕ್ ಟೇಟಮ್ ಬಂದು ಫುಕ್ವಾಗೆ ಗುದ್ದಿದ. ಚೆಂಡು ಹಿಂದಕ್ಕೆ ಚಿಮ್ಮಿತು. ಮೂಲ ಯೋಜನೆಯಲ್ಲಿ ಫ್ರಾಂಕೋನ ಕೆಲಸ ಹಿಂದೆ ನಿಂತು ಕಾಯುವುದು. ಯೋಜನೆ ಕೆಟ್ಟಿತೆಂದು ಕಂಡ ಕೂಡಲೇ ಅವನು ಚೆಂಡಿನ ದಿಕ್ಕಿಗೆ ಓಡಿದ್ದ. ಪಾದದ ಹತ್ತಿರ, ನೆಲಕ್ಕೆ ತಾಗುವ ಮುಂಚೆ ಬಾಚಿಕೊಂಡು ಗೆರೆ ದಾಟಿದ. 13–7.

ತಕರಾರು ಏನೆಂದರೆ, ಆಗಿನ ನಿಯಮದಲ್ಲಿ ಒಂದೇ ತಂಡದ ಇಬ್ಬರು ಒಬ್ಬರಾದ ಮೇಲೆ ಒಬ್ಬರು ಚೆಂಡು ಮುಟ್ಟಿ ಹಿಡಿಯುವಂತಿರಲಿಲ್ಲ. ನಡುವೆ ಎದುರಾಳಿಯ ಕೈಯೋ ಮೈಯೋ ತಾಗಿರಬೇಕು. ಚೆಂಡು ತಾಗಿದ್ದು ಫುಕ್ವಾಗೋ ಟೇಟಮ್‌ಗೋ ಯಾವ ರೀಲಿನಲ್ಲೂ ಸ್ಪಷ್ಟವಿಲ್ಲ. ರೆಫರಿ ಫೋನಿನಲ್ಲಿ ಮಾತಾಡಿ ಬಂದು ಕೈ ಎತ್ತಿದರು. ತಮಾಷೆ ಇನ್ನೊಂದಿದೆ. ಆಗ ಸ್ವಂತ ಊರಿನ ಪಂದ್ಯವನ್ನು ಆ ಊರಿನ ಟಿವಿಯಲ್ಲಿ ತೋರಿಸುತ್ತಿರಲಿಲ್ಲ. ಅಂಗಳದಲ್ಲಿದ್ದವರು 50,327 ಜನ. ಇವತ್ತು ಯಾವ ಅಂಗಡಿಗೆ ಹೋದರೂ "ನಾನೂ ಅಲ್ಲಿದ್ದೆ" ಅನ್ನುವವರು ಸಿಗುತ್ತಾರೆ. ಅಷ್ಟೂ ಜನ ಇದ್ದಿದ್ದರೆ ಅಂಗಳ ಕುಸಿಯುತ್ತಿತ್ತು. ಮುಂದಿನ ಪಂದ್ಯದಲ್ಲೇ ಮಯಾಮಿಗೆ ಸೋತರು ಎಂಬುದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಫ್ರಾಂಕೋ ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ, ಆ ಕ್ಯಾಚಿಗೆ ಐವತ್ತು ತುಂಬಲು ಎರಡು ಮೂರು ದಿನ ಇರುವಾಗ. ಅವನ 32ನೇ ನಂಬರ್ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಸಮಾರಂಭ ಇಟ್ಟುಕೊಂಡಿದ್ದರು. ಅವನಿಲ್ಲದೆಯೇ ಅದು ನಡೆಯಿತು.

ಮುದುಕರು ನಾಲ್ಕು ಜನ ಸೇರಿದರೆ ಜಗಳ ಬೇರೆಯದೇ. ಅತ್ಯುತ್ತಮ ತಂಡ ಯಾವುದು? ಟ್ರೋಫಿ ತಂದ ನಾಲ್ಕರಲ್ಲಿ ಒಂದು ಎನ್ನುವವರು ಹೊಸಬರು. ಹಳಬರು 1976 ಅನ್ನುತ್ತಾರೆ, ಟ್ರೋಫಿ ಬಾರದ ವರ್ಷ. ನನ್ನ ಮತವೂ ಅದಕ್ಕೇ. ಮೊದಲ ಐದರಲ್ಲಿ ನಾಲ್ಕು ಸೋತರು, ಬ್ರಾಡ್‌ಶಾಗೆ ಕ್ಲೀವ್‌ಲ್ಯಾಂಡಿನಲ್ಲಿ ತಲೆಕೆಳಗಾಗಿ ಎತ್ತಿ ಹಾಕಿಸಿಕೊಂಡು ಪೆಟ್ಟಾಯಿತು. ಅವನ ಬದಲಿಗೆ ಮೈಕ್ ಕ್ರೂಜೆಕ್ ಎಂಬ ಹೊಸ ಹುಡುಗ ಶುರು ಮಾಡಿದ ಆರು ಪಂದ್ಯಗಳನ್ನೂ ಗೆದ್ದರು. ಹೇಗೆ ಅಂದರೆ, ಕೊನೆಯ ಒಂಬತ್ತು ಪಂದ್ಯಗಳಲ್ಲಿ ಎಲ್ಲ ಸೇರಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು 28 ಅಂಕ. ಐದು ಪಂದ್ಯದಲ್ಲಿ ಸೊನ್ನೆ. ಫ್ರಾಂಕೋನೂ ಸಾವಿರ ಗಜ, ರಾಕಿ ಬ್ಲೈಯರ್‌ನೂ ಸಾವಿರ ಗಜ. ಈ ಬ್ಲೈಯರ್ 1969ರಲ್ಲಿ ವಿಯೆಟ್ನಾಮ್ ಯುದ್ಧದಲ್ಲಿ ಕಾಲಿಗೆ ಗುಂಡು, ಪಾದಕ್ಕೆ ಗ್ರೆನೇಡ್ ತಿಂದು ಬಂದವನು. ಬಾಲ್ಟಿಮೋರ್ ವಿರುದ್ಧ 40–14 ಗೆದ್ದ ದಿನವೇ ಇಬ್ಬರಿಗೂ ಪೆಟ್ಟಾಯಿತು. ಮುಂದಿನ ಪಂದ್ಯಕ್ಕೆ ಓಡುವವರೇ ಇಲ್ಲ. ಓಕ್‌ಲ್ಯಾಂಡ್ 24–7 ಹೊಡೆದು ಕಳಿಸಿತು. ಪೆನ್ ಹಿಲ್ಸ್‌ನ ನಮ್ಮ ವೆಂಕಟೇಶ್ವರ ದೇವಸ್ಥಾನ ಶುರುವಾದದ್ದೂ ಆ 1976ರಲ್ಲೇ. ಆ ಕಾಲಕ್ಕೆ ಬಂದು ನೆಲೆಸಿದ ಭಾರತೀಯರಿಗೂ ಇದು ಊರಿನ ಮಾತೇ.

1978ರಲ್ಲಿ ನಿಯಮವೇ ಬದಲಾಯಿತು. ಮೊದಲೆಲ್ಲ ಚೆಂಡು ಗಾಳಿಗೆ ಬರುವ ತನಕ ಹಿಡಿಯುವವನನ್ನು ದಾರಿಯುದ್ದಕ್ಕೂ ತಳ್ಳಬಹುದಿತ್ತು. ಮೆಲ್ ಬ್ಲೌಂಟ್ ಅದನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ, ಐದು ಗಜ ಆದಮೇಲೆ ಮುಟ್ಟಬಾರದು ಅಂತ ಕಟ್ಟಳೆ ತಂದರು. ಜನ ಇವತ್ತೂ ಅದನ್ನು 'ಬ್ಲೌಂಟ್ ರೂಲ್' ಅನ್ನುತ್ತಾರೆ. ಗೋಡೆಯವರಿಗೆ ಕೈ ಚಾಚಿ ತಡೆಯಲು ಅನುಮತಿಯನ್ನೂ ಅದೇ ವರ್ಷ ಕೊಟ್ಟರು. ಇವರ ಬಲ ಮುರಿಯುತ್ತದೆ ಅಂತ ಎಲ್ಲರ ಲೆಕ್ಕ. ಆದರೆ ಎಸೆಯುವುದು ಸುಲಭವಾದಾಗ ಚೆಂಡು ಹಿಡಿಯುವ ಸ್ವಾನ್, ಸ್ಟಾಲ್‌ವರ್ತ್ ಇಬ್ಬರೂ ಇದ್ದದ್ದು ಇವರ ಹತ್ತಿರವೇ. ಬ್ರಾಡ್‌ಶಾ ಆ ವರ್ಷ 28 ಟಚ್‌ಡೌನ್, ಅಂದರೆ ಅಂಕದ ಗೆರೆ ದಾಟಿಸುವ ಚೆಂಡು, ಎಸೆದ, ತಂಡ 16ರಲ್ಲಿ 14 ಗೆದ್ದಿತು. ಓಡಿ ಗೆದ್ದವರೇ ಎಸೆದೂ ಗೆದ್ದರು.

ಒಂದು ಕಹಿ ವಿಷಯ ಬಿಡುವಂತಿಲ್ಲ. ಬೋನಿನ ಕೀಲು ಅಂದೆನಲ್ಲ, ಮೈಕ್ ವೆಬ್‌ಸ್ಟರ್. ಸೆಂಟರನ ತಲೆ ಪ್ರತಿ ಸಲವೂ ಮೊದಲು ಡಿಕ್ಕಿ ಹೊಡೆಯುತ್ತದೆ, 17 ಸೀಸನ್. 2002ರಲ್ಲಿ 50ನೇ ವಯಸ್ಸಿಗೆ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ನೆನಪು ಹೋಗಿ, ಮನೆಯೂ ಇಲ್ಲದೆ ಅಲೆದ. ಇದೇ ಊರಿನಲ್ಲಿ ಡಾ. ಬೆನೆಟ್ ಒಮಾಲು ಅವನ ಮಿದುಳು ಪರೀಕ್ಷಿಸಿ, ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಆಗುವ ಸಿಟಿಇ ಎಂಬ ರೋಗವನ್ನು ಈ ಆಟದವನಲ್ಲಿ ಮೊದಲ ಬಾರಿ ಕಂಡರು. ಮುದುಕರು 52ನೇ ನಂಬರಿನ ಮಾತು ಬಂದಾಗ ದನಿ ತಗ್ಗಿಸುತ್ತಾರೆ.

ಟವೆಲ್ಲಿನ ವಿಷಯ ದೊಡ್ಡಮ್ಮನಿಗೆ ಹೇಳಿ. ಮೈರನ್ ಕೋಪ್ ಎಂಬ ರೇಡಿಯೋ ಕಾಮೆಂಟರಿಯವರು 1975ರ ಡಿಸೆಂಬರಿನಲ್ಲಿ, ನಾಕೌಟ್ ಪಂದ್ಯಕ್ಕೆ ಎಲ್ಲರೂ ಮನೆಯಿಂದ ಒಂದು ಹಳದಿ ಟವೆಲ್ ತನ್ನಿ ಎಂದರು. ಮನೆಯಲ್ಲಿ ಹಳದಿ ಇಲ್ಲದಿದ್ದರೆ ಕಪ್ಪಾದರೂ ಸರಿ ಅಂದಿದ್ದರು. ಖರ್ಚಿಲ್ಲದ ಉಪಾಯ. 1996ರಲ್ಲಿ ಅದರ ಹಕ್ಕನ್ನು ಬುದ್ಧಿಮಾಂದ್ಯರನ್ನು ನೋಡಿಕೊಳ್ಳುವ ಅಲೆಘೆನಿ ವ್ಯಾಲಿ ಸ್ಕೂಲಿಗೆ ಬರೆದುಕೊಟ್ಟರು, ಅವರ ಮಗನೂ ಅಲ್ಲಿದ್ದವನೇ. ಆದ್ದರಿಂದ ನೀವು ಪಡೆದ ಟವೆಲ್ಲಿನ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೆ ಹೋಗಿದೆ. 1980ರ ದಶಕದಲ್ಲಿ ಉಕ್ಕಿನ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಹೋಮ್‌ಸ್ಟೆಡ್ಡಿನದು 1986ರಲ್ಲಿ. ಕೆಲಸ ಹುಡುಕಿ ಊರು ಬಿಟ್ಟವರು ಗಂಟಿನೊಳಗೆ ಈ ಟವೆಲ್ ಇಟ್ಟುಕೊಂಡು ಹೋದರು. ಅದಕ್ಕೇ ಇವತ್ತು ಸ್ಟೀಲರ್ಸ್ ಯಾವ ಊರಿಗೆ ಆಡಲು ಹೋದರೂ ಅರ್ಧ ಅಂಗಳ ಹಳದಿ. ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿಯಾಗುವುದನ್ನು ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಟ್ಟನಿಗೆ ಹೇಳಿ ಯೂಟ್ಯೂಬಿನಲ್ಲಿ 9ನೇ ಸೂಪರ್ ಬೌಲ್ ಹಾಕಿಸಿ. ಚೆಂಡು ನೋಡಬೇಡಿ. ಮೊದಲ ಹತ್ತು ನಿಮಿಷ 75ನೇ ನಂಬರ್ ಗ್ರೀನ್ ಹೇಗೆ ಓರೆ ಕೂರುತ್ತಾನೆ, ಅವನ ಎದುರಿನ ಇಬ್ಬರ ಕಾಲು ಯಾವ ಕಡೆ ತಿರುಗುತ್ತದೆ ಅಷ್ಟೇ ನೋಡಿ. ಆಮೇಲೆ ಹಿಂದಕ್ಕೆ ತಿರುಗಿಸಿ ಅದೇ ಹತ್ತು ನಿಮಿಷ 58ನೇ ನಂಬರ್ ನೋಡಿ. ಬೋನು ನೋಡಬೇಕಾದರೆ 13ನೆಯದರ ಕೊನೆಯ ಕಾಲು ಭಾಗ. ನಿಮಗೆ ಏನು ಕಂಡಿತೆಂದು ಬರೆಯಿರಿ, ಅದರಲ್ಲೂ ಗಾರ್ಡ್ ಓಡುವಾಗ ನೇರ ಹೋದನೋ ಬಾಗಿದನೋ.

ದೊಡ್ಡಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತು ನಿಮ್ಮ ಆಶೀರ್ವಾದ ಬೇಡುವ,
ರವಿ

ವಿ.ಸೂ.: ಟವೆಲ್ಲನ್ನು ಮೊದಲ ಸಲ ಬೇರೆಯಾಗಿಯೇ ಒಗೆಯಲು ಹೇಳಿ, ಬಣ್ಣ ಬಿಟ್ಟರೆ ನಿಮ್ಮ ಬಿಳಿ ಪಂಚೆಗಳ ಗತಿ ಮುಗಿಯಿತು.